ಎರಡು ಚಂದ್ರಂಕಿ ಅಗಲದ ಜಾಗ

ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಎತ್ತಿ ಬಿಡುವ ಬಿದಿರಿನ ಚಂದ್ರಂಕಿ ಆರಡಿ ಉದ್ದ, ನಾಲ್ಕಡಿ ಅಗಲ ಇರುತ್ತದೆ. ಹಿಂದೆ ಒರಟು ಚಾಪೆ, ಅದರ ಮೇಲೆ ಎರಡು ಬೆರಳು ಎತ್ತರದ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಕಟ್ಟಿರುತ್ತಾರೆ. ಉಮ್ಮತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ ಇಂಥ ಚಂದ್ರಂಕಿಗಳು ಗೋಡೆಯುದ್ದಕ್ಕೂ ಒರಗಿರುತ್ತಿದ್ದವು. ಬೆಂಗಳೂರಿನ ಚಿತ್ರಸಂತೆಯಲ್ಲಿ ನನ್ನ ಪಾಲಿಗೆ ಬರುತ್ತಿದ್ದ ಜಾಗವಾದರೋ, ಎರಡು ಚಂದ್ರಂಕಿಯನ್ನು ಪಕ್ಕಪಕ್ಕ ನಿಲ್ಲಿಸಿದರೆ ಮುಗಿಯುತ್ತಿತ್ತು. ನಾನು ಬರೆದ ಚಿತ್ರಗಳ ಬದುಕೆಲ್ಲ ಈ ಎರಡರ ನಡುವೆಯೇ ಕಳೆದಿದೆ: ಊರಲ್ಲಿ ಹುಳು ಸಾಕುವುದು ನಿಂತು ಖಾಲಿಯಾದ ಮನೆ, ನಗರದಲ್ಲಿ ಎಂಟಡಿ ಫುಟ್‌ಪಾತ್.

ಚಿತ್ರಸಂತೆಯ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿ ಜನವರಿಯಲ್ಲೂ ಬರುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಈ ಒಂದು ದಿನದ ಸಂತೆಗೆ ಎರಡು ದಶಕದ ಮೇಲಾಯಿತು. ಅಂದು ವಾಹನ ಸಂಚಾರ ನಿಲ್ಲುತ್ತದೆ. ವಿಂಡ್ಸರ್ ಮ್ಯಾನರ್ ಸೇತುವೆಯ ಕಡೆಯಿಂದ ಶಿವಾನಂದ ವೃತ್ತದವರೆಗೆ ರಸ್ತೆಯ ಎರಡೂ ಮಗ್ಗುಲಲ್ಲಿ ದೇಶದ ಬೇರೆ ಬೇರೆ ರಾಜ್ಯಗಳ ಸಾವಿರಕ್ಕೂ ಹೆಚ್ಚು ಕಲಾವಿದರು ಕೂರುತ್ತಾರೆ, ಲಕ್ಷಗಟ್ಟಲೆ ಜನ ಬರುತ್ತಾರೆ. ಜನಸಾಗರ, ಬಣ್ಣಗಳ ಹಬ್ಬ ಎಂದು ವರದಿ ಬರುತ್ತದೆ. ಅದೆಲ್ಲ ನಿಜ. ಆದರೆ ಆ ಒಂದು ಭಾನುವಾರದ ಹಿಂದೆಯೂ ಮುಂದೆಯೂ ಮುನ್ನೂರರವತ್ತು ದಿನಕ್ಕೂ ಹೆಚ್ಚಿನ ಕಾಲ ಆ ಚಿತ್ರಗಳು ಎಲ್ಲೋ ಇರಬೇಕಲ್ಲ, ಅದನ್ನು ಯಾರೂ ಬರೆಯುವುದಿಲ್ಲ. ಮಾರಿಹೋದ ಚಿತ್ರಕ್ಕೆ ಯಾರದೋ ಮನೆಯ ಗೋಡೆ ಸಿಗುತ್ತದೆ. ಮಾರದೆ ಉಳಿದದ್ದೇ ಯಾವಾಗಲೂ ಹೆಚ್ಚು. ಅದಕ್ಕೆ ಜಾಗ ಮಾಡಿಕೊಡುವುದು, ಅದು ಕೆಡದಂತೆ ನೋಡಿಕೊಳ್ಳುವುದು ಚಿತ್ರ ಬರೆಯುವಷ್ಟೇ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಉಮ್ಮತ್ತೂರು ಈಗ ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರದ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ದಂಡೆತ್ತಿ ಬಂದದ್ದು ಇಲ್ಲಿಯ ಗಂಗರಾಜನ ಮೇಲೆ. ಆ ವೈಭವದ ಪೈಕಿ ನನ್ನ ಕಣ್ಣಿಗೆ ಉಳಿದದ್ದು ದೇವಸ್ಥಾನಗಳ ಕಲ್ಲು, ಕೆರೆ ಏರಿ, ಉರುಕಾತೇಶ್ವರಿ ಅಮ್ಮನ ಗುಡಿಗೆ ಬರುವ ಒಕ್ಕಲುಗಳು, ಜೋಳದ ಹೊಲದಾಚೆ ಗುಂಪಾಗಿ ತಲೆಯೆತ್ತಿ ನಿಲ್ಲುವ ಕೃಷ್ಣಮೃಗಗಳು. ನನ್ನ ಚಿತ್ರಗಳಿಗೆಲ್ಲ ಇವೇ ವಸ್ತು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿ ಸೇರಿದ ಮೇಲೂ ನಾನು ಬೇರೆ ಊರನ್ನು ಬರೆಯಲಿಲ್ಲ.

ಹುಳು ಸಾಕುವ ಕಾಲದಲ್ಲಿ ಚಿತ್ರಗಳಿಗೆ ಹುಳು ಮನೆಯೊಳಗೆ ಪ್ರವೇಶವೇ ಇರಲಿಲ್ಲ. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಶಾಖ, ಶೇ 85ರ ಮೇಲೆ ತೇವ ಬೇಕು. ದೊಡ್ಡ ಹುಳುವಿಗೂ ಶೇ 70ರಷ್ಟು ತೇವ ಇರಬೇಕು. ಬೇಸಿಗೆಯಲ್ಲಿ ಅಪ್ಪ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದ. ಒಂದು ಬೆಳೆ ಮುಗಿದ ಕೂಡಲೇ ಬ್ಲೀಚಿಂಗ್ ಪುಡಿಯಲ್ಲಿ ಗೋಡೆ, ನೆಲ, ತಟ್ಟೆಯೆಲ್ಲ ತೊಳೆಯುತ್ತಿದ್ದರು. ಕಾಗದಕ್ಕಾಗಲಿ ಕ್ಯಾನ್ವಾಸಿಗಾಗಲಿ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹುಳುವಿಗೂ ನನ್ನ ಸಾಮಾನು ಆಗದು. "ಹುಳ ಇರೋ ಮನೇಲಿ ಬಣ್ಣದ್ ವಾಸ್ನೆ ಬ್ಯಾಡ ಮಗಾ" ಎಂದು ಅಪ್ಪ ಟರ್ಪೆಂಟೈನ್ ಬಾಟಲಿಯನ್ನು ಅಂಗಳ ದಾಟಿಸುತ್ತಿದ್ದ. ನುಸಿಗುಳಿಗೆಯ ವಾಸನೆ ಸೋಕಿದರೂ ಹುಳು ಸೊಪ್ಪು ಬಿಡುತ್ತದೆ ಎಂಬ ಭಯ.

ಹೀಗಾಗಿ ಚಿತ್ರಗಳು ಅಡುಗೆಮನೆಯ ಅಟ್ಟ ಹತ್ತಿದವು. ಅವ್ವ ಅಲ್ಲಿ ಬಿತ್ತನೆ ರಾಗಿ, ಅವರೆ, ಹುರುಳಿ ಮಡಗುತ್ತಿದ್ದಳು. ಒಲೆಯ ಹೊಗೆ ಅಟ್ಟ ತುಂಬಿದರೆ ಬೀಜಕ್ಕೆ ಹುಳ ಬೀಳುವುದಿಲ್ಲ. ನನ್ನ ಜಲವರ್ಣಗಳಿಗೂ ಹುಳ ಬೀಳಲಿಲ್ಲ, ಆದರೆ ಬಿಳಿ ಬಿಟ್ಟಿದ್ದ ಆಕಾಶವೆಲ್ಲ ತುಪ್ಪದ ಬಣ್ಣಕ್ಕೆ ತಿರುಗಿತು. ಜಲವರ್ಣದಲ್ಲಿ ಬೆಳಕೆಂದರೆ ಬರೆಯದೆ ಬಿಟ್ಟ ಕಾಗದವೇ. ಕಾಗದ ಕಂದಿತೆಂದರೆ ಬೆಳಕು ಹೋಯಿತೆಂದೇ ಅರ್ಥ. ಆ ಚಿತ್ರಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಕೆರೆ ಏರಿಯ ಮೇಲೆ ಸಂಜೆಯಾದಂತೆ ಕಾಣುತ್ತದೆ, ನಾನು ಬರೆದದ್ದು ಬೆಳಗನ್ನು.

ಗೂಡಿನ ಬೆಲೆ ಬಿದ್ದು, ಬಾವಿಯೂ ಬತ್ತಿ, ಅಪ್ಪ ಹಿಪ್ಪುನೇರಳೆ ಕಿತ್ತು ಅರಿಶಿನ ಹಾಕಿದ ಮೇಲೆ ಹುಳು ಮನೆ ಖಾಲಿಯಾಯಿತು. ಒಂದು ಬೇಸಿಗೆ ಪೂರ್ತಿ ಬಾಗಿಲು ಕಿಟಕಿ ತೆರೆದು ಒಣಗಿಸಿದೆವು. ಆಮೇಲೆ ನೋಡಿದರೆ, ಹುಳುವಿಗೆಂದು ಮಾಡಿದ್ದ ಒಂದೊಂದು ಏರ್ಪಾಡೂ ಚಿತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಊಜಿ ನೊಣ ಬರದಿರಲೆಂದು ಕಿಟಕಿಗಳಿಗೆ ಹೊಡೆದಿದ್ದ ನೈಲಾನ್ ಬಲೆ ಜೇಡ, ಜಿರಳೆ, ಕಡಜವನ್ನು ತಡೆಯಿತು. ಎದುರುಬದುರು ಕಿಟಕಿ ಇದ್ದುದರಿಂದ ಗಾಳಿ ಆಡುತ್ತಿತ್ತು. ತಟ್ಟೆ ಜೋಡಿಸುವ ಮರದ ಸ್ಟ್ಯಾಂಡಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲಿಗೊಂದು ನೀರಿನ ಬಟ್ಟಲು ಇಡುವ ಪದ್ಧತಿ ಇದೆಯಲ್ಲ, ಆ ಬಟ್ಟಲುಗಳಿಗೆ ನೀರಿನ ಬದಲು ಒಣ ಬೂದಿ, ಸುಣ್ಣ ತುಂಬಿಸಿದಳು ಅವ್ವ. "ನೆಲುಕ್ಕೆ ಮಾತ್ರ ಮಡುಗ್ಬೇಡ ಕಣ್ ಕೂಸೇ, ಗೆದ್ಲು ಹತ್ಕತದೆ" ಎಂದಳು. ಗೆದ್ದಲು ಕ್ಯಾನ್ವಾಸಿನ ಬಟ್ಟೆ, ಹಿಂದಿನ ಮರದ ಚೌಕಟ್ಟು, ಎರಡನ್ನೂ ತಿಂದು ಬಣ್ಣದ ಪೊರೆಯನ್ನಷ್ಟೇ ಬಿಡುತ್ತದೆ. ನಮ್ಮ ಕಡೆಯ ಮಣ್ಣಿನಲ್ಲಿ ಅದಕ್ಕೆ ಒಂದು ಮಳೆಗಾಲ ಸಾಕು.

ಜೋಡಿಸುವ ಕ್ರಮವನ್ನು ನಾನು ಕಲಿತದ್ದು ಸ್ವಲ್ಪ ಕಾಲೇಜಿನಲ್ಲಿ, ಬಹುಪಾಲು ಆ ಮನೆಯಲ್ಲಿ. ಕ್ಯಾನ್ವಾಸನ್ನು ಒಂದರ ಮೇಲೊಂದು ಮಲಗಿಸಬಾರದು, ನಿಲ್ಲಿಸಬೇಕು. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ, ಸಮ ಅಳತೆಯವು ಒಟ್ಟಿಗೆ. ದೊಡ್ಡದರ ಹೊಟ್ಟೆಗೆ ಚಿಕ್ಕದರ ಮೂಲೆ ಒರಗಿದರೆ ಆರು ತಿಂಗಳಲ್ಲಿ ಬಟ್ಟೆ ಗುಳಿ ಬೀಳುತ್ತದೆ. ನಾಲ್ಕು ಮೂಲೆಗೂ ರಟ್ಟಿನ ಟೋಪಿ ಹಾಕಿದರೆ ಎರಡು ಮುಖಗಳ ನಡುವೆ ಬೆರಳಷ್ಟು ಗಾಳಿ ಉಳಿಯುತ್ತದೆ. ಜಲವರ್ಣ ಮಾತ್ರ ಮಲಗಿರಬೇಕು, ನಡುನಡುವೆ ಬಟರ್ ಪೇಪರ್ ಹಾಸಿ.

ಬಬಲ್ ರ‍್ಯಾಪಿನ ವಿಷಯ ಇಲ್ಲಿ ಹೇಳಲೇಬೇಕು. ಊರಿಂದೂರಿಗೆ ಚಿತ್ರ ಸಾಗಿಸಲು ಅದರಷ್ಟು ಒಳ್ಳೆಯ ಸಾಮಾನಿಲ್ಲ. ಅದನ್ನೇ ಸುತ್ತಿಟ್ಟು ವರ್ಷಗಟ್ಟಲೆ ಬಿಡುವುದು ಬೇರೆ ಮಾತು. ಅಕ್ರಿಲಿಕ್ ಬಣ್ಣ ಶಾಖಕ್ಕೆ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳ ಹಂಚಿನ ಮನೆಯ ಧಗೆಯಲ್ಲಿ ಪ್ಲಾಸ್ಟಿಕ್ಕಿನ ಗುಳ್ಳೆಗಳು ಬಣ್ಣಕ್ಕೆ ಒತ್ತಿ, ಚಿತ್ರದ ತುಂಬ ಸಿಡುಬಿನ ಕಲೆಯಂತೆ ಅಚ್ಚು ಬೀಳುತ್ತದೆ. ಹಾಗಾಗಿ ನನ್ನಲ್ಲಿ ಬಣ್ಣಕ್ಕೆ ತಾಗುವುದು ಬಟರ್ ಪೇಪರ್, ಅದರ ಮೇಲೆ ಅವ್ವನ ಹಳೆ ಸೀರೆಯ ಹತ್ತಿ ಬಟ್ಟೆ. ಗುಳ್ಳೆ ಪ್ಲಾಸ್ಟಿಕ್ ದಾರಿಗಷ್ಟೇ. ಮೈಸೂರು ಶೈಲಿಯ ಚಿತ್ರಗಳಿಗೆ ಇನ್ನೂ ಜೋಪಾನ ಬೇಕು. ಅವುಗಳಲ್ಲಿ ಸಫೇದ, ಅಂಟು ಕಲಸಿ ಎತ್ತಿದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು ಇರುತ್ತದೆ. ಬಾಗಿಸಿದರೆ ಬಿರುಕು, ಒತ್ತಿದರೆ ಚಕ್ಕೆ. ಮೈಸೂರಿನಲ್ಲಿ ನನಗೆ ಈ ಶೈಲಿ ಕಲಿಸಿದ ಹಿರಿಯರು ಚಿತ್ರದ ಜೊತೆ ಬಜೆಬೇರಿನ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಹಳಬರು ಓಲೆಗರಿಯ ಕಟ್ಟುಗಳಿಗೆ ಮಾಡುತ್ತಿದ್ದ ಉಪಾಯವೇ ಅದು. ನಾನೂ ಇಡುತ್ತೇನೆ.

ಒಂದು ಉದ್ದ ನೋಟ್‌ಬುಕ್ ಇದೆ. ಯಾವ ಅಂತಸ್ತು, ಎಡದಿಂದ ಎಷ್ಟನೆಯದು, ಚಿತ್ರದ ಹೆಸರು, ಅಳತೆ, ಬರೆದ ವರ್ಷ, ಯಾವ ಪ್ರದರ್ಶನಕ್ಕೆ ಹೋಗಿ ಬಂತು. ಪ್ರತಿ ಚಿತ್ರದ ಬೆನ್ನಿಗೂ ಅದೇ ನಂಬರು, ಅದನ್ನು ಸುತ್ತುವ ಬಟ್ಟೆಗೂ ಅದೇ ನಂಬರು. ಇದೆಲ್ಲ ಗುಮಾಸ್ತೆಯ ಕೆಲಸ, ಕಲಾವಿದೆಗೆ ಏಕೆ ಎಂದು ಕೇಳಿದವರುಂಟು. ನನಗೆ ಹಾಗೆ ಎಂದೂ ಅನ್ನಿಸಿಲ್ಲ. ಎಲ್ಲಿದೆಯೆಂದು ನನಗೇ ಗೊತ್ತಿಲ್ಲದ ಚಿತ್ರ ಯಾರಿಗೂ ಇಲ್ಲದಂತೆಯೇ.

ಇನ್ನು ದಾರಿ. ಮೊದಮೊದಲು ಸಾರಿಗೆ ಬಸ್ಸಿನಲ್ಲೇ ಒಯ್ಯುತ್ತಿದ್ದೆ. ಉಮ್ಮತ್ತೂರಿನಿಂದ ಸಂತೇಮರಹಳ್ಳಿ, ಅಲ್ಲಿಂದ ಬೆಂಗಳೂರಿಗೆ. ಡಿಕ್ಕಿಯಲ್ಲಿ ಹಿಡಿಸುವ ಅಳತೆಯೇ ನನ್ನ ಚಿತ್ರದ ಅಳತೆಯಾಯಿತು. ನಾಲ್ಕೇ ಅಳತೆ ಇಟ್ಟುಕೊಂಡೆ. ಸಣ್ಣವು ಎರಡು ಸೇರಿದರೆ ಅದರ ಮೇಲಿನದು, ಅಂಥವು ಎರಡು ಸೇರಿದರೆ ಮತ್ತೆ ಮೇಲಿನದು. ಬಸ್ಸಿನಲ್ಲೂ ಸ್ಟ್ಯಾಂಡಿನಲ್ಲೂ ಸಂತೆಯ ಜಾಗದಲ್ಲೂ ಸಂದು ಬಿಡದೆ ಕೂರುತ್ತಿದ್ದವು. ಚೌಕಟ್ಟುಗಳೂ ನಾಲ್ಕೇ ಬಗೆ, ಒಂದಕ್ಕೆ ಗಾಜು ಒಡೆದರೆ ಇನ್ನೊಂದರದು ಹಾಕಬಹುದು. ಮುಂದೆ ಮೈಸೂರು, ನಂಜನಗೂಡಿನ ಗೆಳತಿಯರು ಸೇರಿ ಒಂದು ಟಾಟಾ ಏಸ್ ಮಾಡಿಕೊಂಡು ಹೋಗತೊಡಗಿದಾಗಲೂ ಆ ನಾಲ್ಕು ಅಳತೆಯನ್ನು ಬಿಡಲಿಲ್ಲ. ವಾಹನ ದೊಡ್ಡದಾದದ್ದರಿಂದ ಚಂದ್ರಂಕಿಗಳೇ ಬೆಂಗಳೂರಿಗೆ ಬಂದವು. ಫುಟ್‌ಪಾತಿನ ಕಾಂಪೌಂಡಿಗೆ ಒರಗಿಸಿ, ಹಗ್ಗದಲ್ಲಿ ಬಿಗಿದು, ಬಿದಿರಿನ ಸಂದಿಗೆ ತಂತಿಯ ಕೊಕ್ಕೆ ಹಾಕಿದರೆ ಎಲ್ಲಿ ಬೇಕೋ ಅಲ್ಲಿ ಚಿತ್ರ ತೂಗುತ್ತದೆ. ಸ್ಟ್ಯಾಂಡ್ ಬಾಡಿಗೆ ಉಳಿಯಿತು. ಹಗ್ಗದಲ್ಲಿ ಬಿಗಿದಿರುವುದರಿಂದ ಗಾಳಿಗೆ ಬೀಳುವ ಭಯ ಕಡಿಮೆ. ರಾಮನಗರ, ಶಿಡ್ಲಘಟ್ಟದ ಕಡೆಯಿಂದ ಬಂದವರು ಚಿತ್ರಕ್ಕಿಂತ ಮೊದಲು ಚಂದ್ರಂಕಿಯನ್ನು ಮುಟ್ಟಿ ನೋಡುತ್ತಿದ್ದರು. "ನಮ್ಮನೇಲೂ ಇದ್ವು ಮೇಡಂ" ಎಂದು ಮಾತು ಶುರುವಾಗುತ್ತಿತ್ತು.

ಆ ಎಂಟಡಿಯಲ್ಲಿ ಏನು ತೂಗಿಸಬೇಕೆಂಬುದು ನನಗೂ ತಮ್ಮನಿಗೂ ಮುಗಿಯದ ವಾದ. ವಾಹನದ ಜೊತೆ ಬರುತ್ತಿದ್ದವನು ಅವನೇ. "ಅಕ್ಕ, ಎಲ್ಲಾನೂವೆ ಈಚ್ಗೆ ಮಡುಗು. ಯಾರ್ಗ ಯಾವ್ದು ಇಷ್ಟ ಆದದೋ ಯಾರ್ ಕಂಡರು?" ಎನ್ನುತ್ತಿದ್ದ. ಅವನ ಮಾತಿನಲ್ಲಿ ನ್ಯಾಯವಿತ್ತು. ಅಷ್ಟು ದೂರ ಹೊತ್ತು ತಂದದ್ದನ್ನು ಮೇಜಿನ ಕೆಳಗೆ ಮುಚ್ಚಿಡಲು ಯಾರಿಗೆ ಮನಸ್ಸು ಬರುತ್ತದೆ? ಅಕ್ಕಪಕ್ಕದ ಎಷ್ಟೋ ಸ್ಟಾಲುಗಳಲ್ಲಿ ಚೌಕಟ್ಟಿಗೆ ಚೌಕಟ್ಟು ತಾಗಿಸಿ, ನೆಲದಿಂದ ತಲೆಯ ಮೇಲಿನವರೆಗೆ ತುಂಬಿರುತ್ತಿತ್ತು. ಜನ ನಡೆಯುತ್ತಲೇ ನೋಡಿಕೊಂಡು ದಾಟಿಹೋಗುತ್ತಿದ್ದರು.

ನನಗೆ ಸಂತೇಮರಹಳ್ಳಿ ಸಂತೆಯ ಒಬ್ಬ ಎಲೆ ಮಾರುವ ಅಜ್ಜಿಯ ನೆನಪು. ಚಿಕ್ಕವಳಿದ್ದಾಗ ಅವ್ವನ ಜೊತೆ ಹೋಗುತ್ತಿದ್ದೆ. ಅಜ್ಜಿಯ ಮುಂದೆ ಬಿಡಿಸಿದ ವೀಳ್ಯದೆಲೆ ಒಂದೇ ಕಟ್ಟು. ಉಳಿದದ್ದೆಲ್ಲ ಬೆನ್ನ ಹಿಂದೆ, ಒದ್ದೆ ಗೋಣಿಯೊಳಗೆ. ಯಾಕಜ್ಜಿ ಅಂದರೆ, "ಎಲ್ಲಾ ಎಲೆಯ ಬಿಸುಲ್ಗ ಹರವುದ್ರ ಸಂದಗಂಟ ಯಾವ್ದ ಮಾರನವ್ವ?" ಅಂದಿದ್ದಳು.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಂಡದ್ದೂ ಮನಸ್ಸಿನಲ್ಲಿತ್ತು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿಗೆ ಹೋಗಿ ಗಂಟೆಗಟ್ಟಲೆ ಕೂರುತ್ತಿದ್ದೆವು. ರವಿವರ್ಮನ ದೊಡ್ಡ ದೊಡ್ಡ ತೈಲಚಿತ್ರಗಳಿರುವ ಗ್ಯಾಲರಿ ಅದು. ಆದರೆ ನೋಡಿ ಬಂದ ಯಾರನ್ನು ಕೇಳಿದರೂ ಹೇಳುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ಸಾವಂತವಾಡಿಯ ಎಸ್.ಎಲ್. ಹಲದಣಕರ್ 1940ರ ದಶಕದಲ್ಲಿ ತಮ್ಮ ಮಗಳು ಗೀತಾಳನ್ನು ನಿಲ್ಲಿಸಿಕೊಂಡು ಬರೆದ ಜಲವರ್ಣ ಅದು. ರವಿವರ್ಮನದೆಂದೇ ಬಹಳ ಜನ ತಿಳಿದಿದ್ದಾರೆ. ಆ ಒಂದು ಚಿತ್ರಕ್ಕೆಂದೇ ಕತ್ತಲು ಮಾಡಿದ ಜಾಗವಿದೆ, ಸುತ್ತ ಇನ್ನೇನೂ ಇಲ್ಲ. ಚಿತ್ರದ ಹಿರಿಮೆ ಹಲದಣಕರ್ ಅವರದೇ, ಅನುಮಾನವಿಲ್ಲ. ಆದರೂ ಅದನ್ನು ಹತ್ತು ಚಿತ್ರಗಳ ನಡುವೆ ಬಿಸಿಲಲ್ಲಿ ತೂಗಿಹಾಕಿದ್ದರೆ ಆ ಬೆರಳುಗಳ ಸಂದಿಯ ಕೆಂಪು ಬೆಳಕು ಎಷ್ಟು ಜನಕ್ಕೆ ಕಾಣುತ್ತಿತ್ತು?

ಒಂದು ಚಂದ್ರಂಕಿಯಲ್ಲಿ ಒಂದೇ ಚಿತ್ರ, ಕಣ್ಣಿನ ಎತ್ತರಕ್ಕೆ, ಸುತ್ತ ಬಿದಿರು ಬರಿದಾಗಿ. ಇನ್ನೊಂದರಲ್ಲಿ ಆರು ಸಣ್ಣವು. ಮಿಕ್ಕವೆಲ್ಲ ಮೇಜಿನ ಕೆಳಗೆ. ತಮ್ಮನಿಗೂ ನನಗೂ ಕೊನೆಗೆ ಆದ ಒಪ್ಪಂದ ಇದು. ಮೇಜಿಗೆ ನೆಲ ಮುಟ್ಟುವ ಬೆಡ್‌ಶೀಟು ಹೊದಿಸಿ, ಅದರ ಅಡಿಯಲ್ಲಿ ಎರಡು ಸಾಲು. ಹಿಂದಿನ ಸಾಲಲ್ಲಿ ನಿಂತ ಕ್ಯಾನ್ವಾಸು, ಮುಂದಿನ ಸಾಲಲ್ಲಿ ಮಾರಿದ್ದಕ್ಕೆ ಸುತ್ತುವ ರಟ್ಟು, ಟೇಪು, ನೀರಿನ ಬಾಟಲಿ, ಬುತ್ತಿ. ಮೇಜಿನ ಮೇಲೆ ಒಂದು ಆಲ್ಬಂ: ಕೆಳಗಿರುವ ಪ್ರತಿ ಚಿತ್ರದ ಫೋಟೋ, ನಂಬರಿನ ಸಮೇತ. ನಿಂತು ಆಲ್ಬಂ ತಿರುವುವವರು ಎಂಬತ್ತು ಜನಕ್ಕೆ ಒಬ್ಬರೋ ಏನೋ. ಆದರೆ ಆಲ್ಬಂ ತಿರುವಿದವರು ಸುಮ್ಮನೆ ಹೋಗುವುದು ಅಪರೂಪ. ಒಂದು ಪುಟಕ್ಕೆ ಬೆರಳಿಟ್ಟು "ಇದನ್ನ ತೋರಿಸ್ತೀರಾ?" ಎನ್ನುತ್ತಾರೆ. ತಮ್ಮ ಕೆಳಗಿಂದ ತೆಗೆದು ಬಟ್ಟೆ ಬಿಚ್ಚುತ್ತಾನೆ. ಬಿಚ್ಚುವ ಆ ಅರ್ಧ ನಿಮಿಷದಲ್ಲಿ ಅವರು ಚಿತ್ರಕ್ಕಾಗಿ ಕಾದಿರುತ್ತಾರೆ. ನಡೆಯುತ್ತ ನೋಡಿದವರಿಗೂ ಕಾದು ನೋಡಿದವರಿಗೂ ಬಹಳ ವ್ಯತ್ಯಾಸ.

ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಬಂಗಾಳದ ಪಟುವಾಗಳು. ಒಂದು ವರ್ಷ ಮೇದಿನೀಪುರದ ಕಡೆಯ ದಂಪತಿಗೆ ನನ್ನ ಪಕ್ಕದ ಜಾಗ ಬಂದಿತ್ತು. ಅವರ ಸರಕೆಲ್ಲ ಒಂದು ಜೋಳಿಗೆ. ಕಾಗದವನ್ನು ಹಳೆ ಬಟ್ಟೆಯ ಮೇಲೆ ಅಂಟಿಸಿ ಬರೆದ ಉದ್ದುದ್ದ ಪಟಗಳು, ಸುರುಳಿ ಸುತ್ತಿದರೆ ಮೊಳಕೈಯಷ್ಟು ದಪ್ಪ. ಯಾರಾದರೂ ನಿಂತರೆ ಆಕೆ ಹಾಡು ಎತ್ತಿಕೊಂಡು ಒಂದೊಂದೇ ಅಂಕಣ ಬಿಚ್ಚುತ್ತ ಬೆರಳಿಟ್ಟು ತೋರಿಸುತ್ತಿದ್ದರು, ಮುಗಿದದ್ದು ಮೇಲೆ ಸುತ್ತಿಕೊಳ್ಳುತ್ತಿತ್ತು. ಹದಿನೈದು ಅಡಿಯ ಕಥೆಗೆ ಒಂದೂವರೆ ಅಡಿ ಜಾಗ. ಭಾಷೆ ತಿಳಿಯದ ಜನ ಗುಂಪುಗಟ್ಟಿ ನಿಂತು ಕೇಳಿದರು. ನಮ್ಮ ತೊಗಲುಗೊಂಬೆಯವರೂ ಹೀಗೆಯೇ, ರಾಮಾಯಣವಿಡೀ ಒಂದು ಪೆಟ್ಟಿಗೆಯಲ್ಲಿ. ಆ ಗೊಂಬೆಗಳನ್ನೂ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ಹುಡುಕಿ ಉಳಿಸಲು ದುಡಿದ ಎಂ.ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಚಿತ್ರಕಲಾ ಪರಿಷತ್ತಿನ ಮುಂದೆಯೇ ನಾವು ಕೂತಿದ್ದೆವು. ಅವರು 2003ರಲ್ಲಿ ತೀರಿಕೊಂಡರು. ಈ ಬೀದಿ ತುಂಬಿದ್ದನ್ನು ಅವರು ನೋಡಬೇಕಿತ್ತು ಎಂದು ಹಿರಿಯ ಕಲಾವಿದರೊಬ್ಬರು ಅಂದು ನನ್ನೊಡನೆ ಹೇಳಿಕೊಂಡರು.

ಕೊಳ್ಳುವವರ ಜಾಗವನ್ನೂ ನೆನೆಯಬೇಕು. ಸ್ಕೂಟರಿನಲ್ಲಿ ಬಂದವರು ಎರಡು ಮೊಣಕಾಲಿನ ನಡುವೆ ಹಿಡಿಸುವುದನ್ನೇ ಕೊಳ್ಳುತ್ತಾರೆ. ಮೆಟ್ರೋದಲ್ಲಿ ಬಂದವರು ಕಂಕುಳಿಗೆ ಸಿಗುವುದನ್ನು. ಎರಡು ಕೋಣೆಯ ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ ಎನ್ನುತ್ತಾರೆ. ಅಂಥವರಿಗೆ ಕಪಾಟಿನ ಮೇಲೆ ಒರಗಿಸಿಡುವ ಅಳತೆಯ ಚಿತ್ರಗಳನ್ನು ಬೇರೆಯೇ ಇಡತೊಡಗಿದೆ. ಕಲಾವಿದರು ಸಣ್ಣ ಚಿತ್ರ ಬರೆದರೆ ಮಾರುಕಟ್ಟೆಗೆ ಬಗ್ಗಿದರು ಎಂದು ಆಡಿಕೊಳ್ಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತು ನೋಡಿ. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಮಂಜು, ಬೆಟ್ಟ, ನೀರು, ಎಲ್ಲವೂ ತೊಡೆಯ ಮೇಲಿಟ್ಟು ನೋಡಬಹುದಾದ ಕಾಗದದಲ್ಲಿ. ಅವನ್ನು ನೋಡಿದ ಮೇಲೆ ದೊಡ್ಡ ಗೋಡೆ ಬೇಕೆಂಬ ಆಸೆ ನನಗೆ ಬಹಳ ದಿನ ಹುಟ್ಟಲಿಲ್ಲ.

ರಾತ್ರಿ ಸಂತೆ ಮುಗಿದ ಮೇಲಿನ ಒಂದು ಗಂಟೆ ಅತ್ಯಂತ ಕಷ್ಟದ್ದು. ಕಾಲು ಸೋತಿರುತ್ತದೆ, ಬೆಳಕು ಸಾಲದು, ವಾಹನಗಳು ಒಂದರ ಹಿಂದೊಂದು ನುಗ್ಗುತ್ತವೆ. ಚಿತ್ರಗಳಿಗೆ ಪೆಟ್ಟಾಗುವುದು ಬಹುಪಾಲು ಆಗಲೇ. ನಂಬರು ಹಾಕಿದ ಬಟ್ಟೆಗಳ ಬೆಲೆ ತಿಳಿಯುವುದೂ ಆಗಲೇ: ಯಾವ ಚಿತ್ರಕ್ಕೆ ಯಾವ ಹೊದಿಕೆ ಎಂದು ಯೋಚಿಸುವಂತಿಲ್ಲ. ಮಾರಿದ್ದರ ಬಟ್ಟೆಗಳನ್ನು ತಮ್ಮ ಮಡಿಸಿ ಒಂದು ಚೀಲಕ್ಕೆ ತುಂಬುತ್ತಿದ್ದ. ವಾಪಸು ದಾರಿಯಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಎಷ್ಟು ದಪ್ಪ ಇದೆ ನೋಡಕ್ಕ ಎಂದು ಒತ್ತಿ ತೋರಿಸುತ್ತಿದ್ದ. ನಮ್ಮ ವರ್ಷದ ಲೆಕ್ಕ ಅದೇ.

ಕೊರೊನಾದಿಂದಾಗಿ 2021ರ ಚಿತ್ರಸಂತೆ ಆನ್‌ಲೈನಿನಲ್ಲಿ ನಡೆಯಿತು. ಆಗ ಜಾಗದ ಮಿತಿಯೇ ಇರಲಿಲ್ಲ. ಎಷ್ಟು ಚಿತ್ರ ಬೇಕಾದರೂ ಒಂದರ ಕೆಳಗೊಂದು ಜೋಡಿಸಬಹುದು, ಹೊರುವ ಕೆಲಸವಿಲ್ಲ. ಹುಳು ಮನೆಯಲ್ಲಿ ಚಂದ್ರಂಕಿಗೆ ಚಿತ್ರ ತೂಗಿಸಿ ಫೋಟೋ ತೆಗೆದೆ. ಆದರೆ ಎದುರಿಗೆ ಮನುಷ್ಯರಿಲ್ಲದೆ ಯಾವುದನ್ನು ಮೊದಲು ಇಡಬೇಕೆಂಬುದೇ ತೋಚಲಿಲ್ಲ. 2022ರ ಸಂತೆ ಜನವರಿಯಲ್ಲಿ ನಡೆಯದೆ ಮಾರ್ಚ್ ಕೊನೆಗೆ ಹೋಯಿತು. ಅಷ್ಟು ಬಿಸಿಲಲ್ಲೂ ಜನ ಬಂದರು. ಬೆಳಗ್ಗೆ ನೆರಳಿದ್ದ ಕಡೆ ಮಧ್ಯಾಹ್ನ ಕಾಯತೊಡಗಿ, ಚಂದ್ರಂಕಿಗಳನ್ನೇ ತಿರುಗಿಸಿ ನಿಲ್ಲಿಸಬೇಕಾಯಿತು.

ಅದೇ ವರ್ಷ ಒಂದು ಫೋನ್ ಬಂತು. ಬಹಳ ಹಿಂದೆ ನನ್ನ ಸ್ಟಾಲಿನಲ್ಲಿ ಉರುಕಾತಮ್ಮನ ಗುಡಿಯ ಮುಂದೆ ಗಾಡಿ ಕಟ್ಟಿದ ಎತ್ತುಗಳ ಚಿತ್ರ ನೋಡಿದ್ದರಂತೆ. ಅಂದು ಕೈಯಲ್ಲಿ ಹಣವಿರಲಿಲ್ಲ, ನಂಬರು ಬರೆದುಕೊಂಡಿದ್ದರು. ಈಗ ಸ್ವಂತ ಮನೆಯಾಗಿದೆ. "ಅದು ಇನ್ನೂ ಇದೆಯಾ ಮೇಡಂ?" ನಾನು ನೋಟ್‌ಬುಕ್ ತೆಗೆದೆ. ಮೂರನೆಯ ಅಂತಸ್ತು, ಎಡದಿಂದ ಏಳನೆಯದು. ಫೋನು ಇಡುವ ಮೊದಲೇ ಇದೆ ಎಂದೆ. ಬಟ್ಟೆ ಬಿಚ್ಚಿದಾಗ ಎತ್ತಿನ ಕೊಂಬಿನ ಕೆಂಪು ನಿನ್ನೆ ಬರೆದಷ್ಟು ಹಸನಾಗಿತ್ತು. ರಟ್ಟಿನ ನಡುವೆ ಕಟ್ಟಿ, ಬಸ್ಸಿನ ಪಾರ್ಸಲ್ ಸೇವೆ 'ನಮ್ಮ ಕಾರ್ಗೋ'ದಲ್ಲಿ ಕಳಿಸಿದೆ. ಗೋಡೆಯ ಮೇಲೆ ತೂಗಿಸಿದ ಫೋಟೋ ಅವರು ಕಳಿಸಿದಾಗ ಅವ್ವನಿಗೆ ತೋರಿಸಿದೆ. "ನನ್ ಸೀರೆ ಏನ್ ಮಾಡುದ್ರಂತೆ?" ಎಂದು ಕೇಳಿದಳು. ಅದೂ ಜೊತೆಗೆ ಹೋಗಿಬಿಟ್ಟಿತ್ತು.

ಈಗ ಹೊಸ ಸಮಸ್ಯೆ ಎದ್ದಿದೆ, ಸಂತೋಷದ ಸಮಸ್ಯೆ. ಗೂಡಿನ ರೇಟು ಏರಿ, ಬೋರಿನಲ್ಲಿ ನೀರೂ ಬಂದು, ತಮ್ಮ ಮತ್ತೆ ಹಿಪ್ಪುನೇರಳೆ ನಾಟಿ ಮಾಡಿದ್ದಾನೆ. ಕಡ್ಡಿ ಎದ್ದು ನಿಂತಿದೆ. ಹುಳು ಮನೆ ಅವನಿಗೆ ಬೇಕು. ನಡುವೆ ಗೋಡೆ ಹಾಕಿ ಅರ್ಧ ನಿನಗೆ ಅರ್ಧ ಹುಳುವಿಗೆ ಎಂದು ಅವನು ಹೇಳಿದ. ಅದಾಗದು. ತೇವ ಗೋಡೆ ದಾಟುತ್ತದೆ, ಬ್ಲೀಚಿಂಗ್ ವಾಸನೆ ದಾಟುತ್ತದೆ, ನನ್ನ ಬಣ್ಣದ ವಾಸನೆ ಹುಳುವಿಗೆ ದಾಟುತ್ತದೆ. ಮನೆ ಕಟ್ಟಿದ್ದೇ ಹುಳುವಿಗಾಗಿ. ಇಷ್ಟು ವರ್ಷ ನನ್ನ ಚಿತ್ರಗಳನ್ನು ಕಾಯ್ದದ್ದೇ ದೊಡ್ಡದು.

ಚೌಕಟ್ಟಿಲ್ಲದ ಜಲವರ್ಣಗಳು ನನ್ನ ಮಂಚದಡಿಯ ಪೆಟ್ಟಿಗೆಗೆ ಬಂದಿವೆ. ಮೈಸೂರು ಶೈಲಿಯವು ದೇವರ ಮನೆಯ ಪಕ್ಕದ ಗೂಡಿಗೆ. ಒಂದಷ್ಟನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯದವರು ಕೇಳಿ ಪಡೆದರು. ಉಳಿದವಕ್ಕೆ ನಮ್ಮ ಶಾಲೆಯ 22 ಅಡಿ ಉದ್ದದ ವರಾಂಡ ಕೊಡಲು ಹೆಡ್‌ಮಾಸ್ಟರು ಒಪ್ಪಿದ್ದಾರೆ. ಹಳೆ ಗೋಡೆ, ಮೊಳೆ ಹೊಡೆದರೆ ಗಾರೆ ಉದುರುತ್ತದೆ ಎಂಬುದೊಂದೇ ಅವರ ಚಿಂತೆ. ಜಂತೆಯಿಂದ ಜಂತೆಗೆ ಒಂದು ಮರದ ಪಟ್ಟಿ ಕಟ್ಟಿ, ಅದರಿಂದ ತಂತಿಯಲ್ಲಿ ಇಳಿಬಿಟ್ಟರಾಯಿತು, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯೂ ಆಡುತ್ತದೆ ಎಂದು ಹೇಳಿ ಬಡಗಿಯನ್ನು ಕರೆಸಿದ್ದೇನೆ. ತಿಂಗಳಿಗೊಮ್ಮೆ ಬದಲಾಯಿಸುವುದು. ಯಾವುದು ಮುಂದೆ, ಯಾವುದು ಕಪಾಟಿಗೆ ಎಂದು ಒಂಬತ್ತನೆಯ ತರಗತಿಯ ಮಕ್ಕಳೇ ಆರಿಸುತ್ತಾರೆ. ಅವರಿಗೊಂದು ನೋಟ್‌ಬುಕ್ಕನ್ನೂ ಗೆರೆ ಹಾಕಿ ಕೊಟ್ಟಿದ್ದೇನೆ.

ಮೊದಲ ತಿಂಗಳಿಗೆ ಮಾತ್ರ ನಾನೇ ಆರಿಸಿದೆ. ಹುಳು ಮನೆ ಖಾಲಿಯಾದ ಹೊಸದರಲ್ಲಿ ಅದರೊಳಗೇ ನಿಂತು ಕೆರೆ ಏರಿಯ ಒಂದು ಚಿತ್ರ ಬರೆದಿದ್ದೆ, ಎಂಟಡಿ ಅಗಲ, ಆರಡಿ ಎತ್ತರ. ಸಂತೆಗೆ ಒಯ್ದರೆ ನನ್ನ ಜಾಗವೆಲ್ಲ ಅದೊಂದೇ ತುಂಬುತ್ತಿತ್ತು. ಟಾಟಾ ಏಸಿನಲ್ಲಿ ಬೇರೆಯವರ ಚಿತ್ರಗಳಿಗೆ ಎಡೆಯೇ ಇರುತ್ತಿರಲಿಲ್ಲ. ಹಾಗಾಗಿ ಅದು ಎಲ್ಲಿಗೂ ಹೋಗಲಿಲ್ಲ. ಹುಳು ಮನೆಯ ಗಿಡ್ಡ ಬಾಗಿಲಲ್ಲಿ ಅದನ್ನು ಈಚೆ ತರುವುದು ಹೇಗೆಂದು ತಮ್ಮ ತಲೆ ಕೆರೆದುಕೊಂಡ. ಚೌಕಟ್ಟಿನಿಂದ ಕ್ಯಾನ್ವಾಸ್ ಬಿಚ್ಚಿ, ಬಣ್ಣ ಹೊರಮುಖವಾಗಿರುವಂತೆ ದಪ್ಪ ಕೊಳವೆಗೆ ಸುತ್ತಬೇಕು, ಒಳಮುಖ ಸುತ್ತಿದರೆ ಬಣ್ಣ ನೆರಿಗೆ ಬಿದ್ದು ಸೀಳುತ್ತದೆ ಎಂದೆ. ಅವನ ಬೋರ್‌ವೆಲ್ಲಿಗೆ ತಂದು ಮಿಕ್ಕಿದ ಎಂಟಿಂಚು ಪಿವಿಸಿ ಪೈಪೊಂದು ಹಿತ್ತಲಲ್ಲಿ ಬಿದ್ದಿದೆ. ಅದಕ್ಕೆ ಮೊದಲು ಒಂದು ಸುತ್ತು ಬಟ್ಟೆ ಸುತ್ತಬೇಕು. ಅವ್ವ ಇನ್ನೊಂದು ಸೀರೆ ತೆಗೆದಿಟ್ಟಿದ್ದಾಳೆ. ಚಾಕಿ ಹುಳು ಬರುವುದು ಮುಂದಿನ ವಾರ, ಅಷ್ಟರೊಳಗೆ ಆಗಬೇಕು.